ಸೆಕೆಂಡ್ ಹ್ಯಾಂಡ್ ಜಿಎಲ್ 350ರ ರಿಪೇರಿ: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ದೆಹಲಿ ರಾಜಧಾನಿ ಪ್ರದೇಶದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನ ಓಡಿಸಬಾರದು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಮೇಲೆ ಹತ್ತರ ಹೊಸ್ತಿಲಲ್ಲಿರುವ ದೊಡ್ಡ ಡೀಸೆಲ್ ಗಾಡಿಗಳು ಅಲ್ಲಿ ಅಗ್ಗವಾದವು, ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಪಡೆದು ಬೇರೆ ರಾಜ್ಯಗಳ ದಾರಿ ಹಿಡಿದವು. ಕರ್ನಾಟಕಕ್ಕೂ ಬಂದವು. ಇಲ್ಲಿ ಜೀವಾವಧಿ ತೆರಿಗೆ ಕಟ್ಟಿ ಹೊಸ ನಂಬರು ಹಾಕಿಸಿಕೊಂಡರೂ ಕೊಂಡವರಿಗೆ ಲೆಕ್ಕ ಲಾಭದ್ದೇ ಅನ್ನಿಸುತ್ತದೆ. ರಿಪೇರಿಯ ಲೆಕ್ಕ ಶುರುವಾಗುವುದು ಆಮೇಲೆ.

ಈ ಪ್ರಕರಣದ ಗಾಡಿಯೂ ಹಾಗೆ ಬಂದದ್ದು. 2011ರ ಮರ್ಸಿಡಿಸ್ ಬೆಂಜ್ ಜಿಎಲ್ 350 ಸಿಡಿಐ, ಎಕ್ಸ್164 ತಲೆಮಾರಿನದು. ಕೊಂಡವರು ಮಲೆನಾಡಿನ ಒಬ್ಬ ಕಾಫಿ ಬೆಳೆಗಾರರು. ಮನೆ ಮಂದಿಯೆಲ್ಲ ಕೂರುವಷ್ಟು ಏಳು ಸೀಟು, ನಾಲ್ಕೂ ಚಕ್ರಕ್ಕೆ ಶಕ್ತಿ, ತೋಟದ ಏರಿನಲ್ಲಿ ಗುಂಡಿ ಒತ್ತಿ ಎತ್ತರಿಸಿಕೊಳ್ಳಬಹುದಾದ ಏರ್ ಸಸ್ಪೆನ್ಷನ್. ಇಷ್ಟೆಲ್ಲ ಇದ್ದೂ ಬೆಲೆ ಹೊಸ ಮಧ್ಯಮ ಗಾತ್ರದ ಎಸ್‌ಯುವಿಗಿಂತ ಕಡಿಮೆ. ಮೀಟರು 94 ಸಾವಿರ ಕಿ.ಮೀ. ತೋರಿಸುತ್ತಿತ್ತು, ಸರ್ವಿಸ್ ದಾಖಲೆ ಮೊದಲ ಆರು ವರ್ಷಕ್ಕೆ ಮಾತ್ರ ಇತ್ತು. ಮಾಲೀಕರ, ಊರಿನ, ಗ್ಯಾರೇಜುಗಳ ಗುರುತು ಸಿಗದಂತೆ ಉಳಿದ ವಿವರಗಳನ್ನು ಇಲ್ಲಿ ಬರೆದಿದೆ.

ಗಾಡಿಯ ಒಳಗಿರುವುದು 2,987 ಸಿಸಿಯ ವಿ6 ಡೀಸೆಲ್ ಎಂಜಿನ್, ಕಂಪನಿಯ ಲೆಕ್ಕದಲ್ಲಿ ಒಎಂ642. ಗೇರ್‌ಬಾಕ್ಸ್ 722.9, ಏಳು ಸ್ಪೀಡಿನ ಆಟೊಮ್ಯಾಟಿಕ್. ಸಸ್ಪೆನ್ಷನ್ ಏರ್‌ಮ್ಯಾಟಿಕ್: ಮುಂದೆ ಗಾಳಿಚೀಲವೂ ಶಾಕ್ ಅಬ್ಸಾರ್ಬರೂ ಒಂದಾದ ಸ್ಟ್ರಟ್, ಹಿಂದೆ ಚೀಲ ಬೇರೆ, ಶಾಕ್ ಬೇರೆ. ಮೂರೂ ಗಟ್ಟಿ ಯಂತ್ರಗಳೇ. ಕ್ರ್ಯಾಂಕ್, ಪಿಸ್ಟನ್, ಗೇರಿನ ಹಲ್ಲು ಇವು ಲಕ್ಷ ಕಿ.ಮೀ.ಗೆಲ್ಲ ಸೋಲುವುದಿಲ್ಲ. ಹತ್ತು ವರ್ಷದಲ್ಲಿ ಸೋಲುವುದು ರಬ್ಬರು: ಸೀಲು, ಬೆಲ್ಲೋಸು, ಬುಷ್ಷು, ನೀರಿನ ಪೈಪು. ಕಿಲೋಮೀಟರ್ ಕಡಿಮೆ ಇದ್ದರೂ ರಬ್ಬರಿಗೆ ವಯಸ್ಸು ನಿಲ್ಲುವುದಿಲ್ಲ, ಉತ್ತರದ ಬೇಸಿಗೆಯಲ್ಲಿ ಬಯಲಲ್ಲಿ ನಿಂತ ಗಾಡಿಗಂತೂ ಬೇಗ ಬರುತ್ತದೆ.

ಕೊಳ್ಳುವ ದಿನ ಎರಡು ಸಂಗತಿ ಕಣ್ತಪ್ಪಿದವು. ಮಾಲೀಕರು ನೋಡಲು ಹೋದಾಗ ಗಾಡಿ ಆಗಲೇ ಸ್ಟಾರ್ಟ್ ಆಗಿ ಬಿಸಿಯಾಗಿತ್ತು, ನಾಲ್ಕೂ ಕಡೆ ಸಮನಾಗಿ ಎತ್ತರ ನಿಂತಿತ್ತು. ಏರ್ ಸಸ್ಪೆನ್ಷನ್ ಗಾಡಿಯನ್ನು ನೋಡಬೇಕಾದ್ದು ಬೆಳಗ್ಗೆ, ಯಾರೂ ಕೀಲಿ ತಿರುಗಿಸುವ ಮೊದಲು. ರಾತ್ರಿಯಿಡೀ ನಿಂತಾಗ ಯಾವ ಮೂಲೆ ಕುಸಿಯುತ್ತದೆ ಎಂಬುದು ಹತ್ತು ನಿಮಿಷ ಎಂಜಿನ್ ಓಡಿದರೆ ಮುಚ್ಚಿಹೋಗುತ್ತದೆ. ಎರಡನೆಯದು, ತಳಭಾಗವನ್ನು ಆಗಷ್ಟೇ ಉಗಿಯಲ್ಲಿ ತೊಳೆದಿದ್ದರು. ಹತ್ತು ವರ್ಷದ ಡೀಸೆಲ್ ಎಂಜಿನ್ನಿನ ತಳ ಹೊಳೆಯುತ್ತಿದ್ದರೆ ಅದು ಸಮಾಧಾನಪಡುವ ವಿಷಯವಲ್ಲ. 100 ಕಿ.ಮೀ. ಓಡಿಸಿ ಮತ್ತೆ ಲಿಫ್ಟಿಗೆ ಏರಿಸಿ ನೋಡಬೇಕು.

ಸಮಸ್ಯೆ

ಮೊದಲ ಮಳೆಗಾಲದಲ್ಲೇ ದೂರುಗಳು ಒಂದರ ಮೇಲೊಂದು ಬಂದವು. ಬೆಳಗ್ಗೆ ನೋಡಿದರೆ ಮುಂದಿನ ಬಲಮೂಲೆ ಟೈರಿನ ಮೇಲೆ ಕೂತಿರುತ್ತಿತ್ತು. ಸ್ಟಾರ್ಟ್ ಮಾಡಿ ಎರಡು ಮೂರು ನಿಮಿಷಕ್ಕೆ ಏಳುತ್ತಿತ್ತು. ಕೆಲವು ದಿನಗಳ ನಂತರ ಏಳುವುದೂ ನಿಧಾನವಾಯಿತು, ಗಾಡಿ ತಗ್ಗಿದೆ ಎಂಬ ಎಚ್ಚರಿಕೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪಾಗಿ ಬಂತು. ಅದೇ ವಾರ ಘಾಟಿ ಏರುವಾಗ ಎಂಜಿನ್ ದೀಪ ಹತ್ತಿ ಎಳೆತ ಬಿದ್ದುಹೋಯಿತು. ಆರಿಸಿ ಮತ್ತೆ ಹಚ್ಚಿದರೆ ಸ್ವಲ್ಪ ದೂರ ಸರಿ, ಮತ್ತೆ ಅದೇ. ಶೆಡ್ಡಿನ ನೆಲದ ಮೇಲೆ ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗದ ಕೆಳಗೆ ಅಂಗೈಯಗಲ ಎಣ್ಣೆ ಕಲೆ. ಒಳಗೆ ಚಾಲಕನ ಕಾಲಿನ ಹತ್ತಿರ ಮುಗ್ಗಲು ವಾಸನೆ.

ಅಧಿಕೃತ ಸರ್ವಿಸ್ ಕೇಂದ್ರವೊಂದು ಕೊಟ್ಟ ಅಂದಾಜು ಪಟ್ಟಿ ಹೀಗಿತ್ತು: ಮುಂದಿನ ಎರಡೂ ಸ್ಟ್ರಟ್, ಚೀಲಗಳಿಗೆ ಗಾಳಿ ತುಂಬುವ ಕಂಪ್ರೆಸರ್, ಆ ಗಾಳಿಯನ್ನು ನಾಲ್ಕೂ ಮೂಲೆಗೆ ಹಂಚುವ ವಾಲ್ವ್ ಬ್ಲಾಕ್, ಸಿಲಿಂಡರುಗಳಿಗೆ ಗಾಳಿ ಒಯ್ಯುವ ಎರಡೂ ಇಂಟೇಕ್ ಮ್ಯಾನಿಫೋಲ್ಡ್ ಮತ್ತು ಅದರೊಳಗಿನ ರೆಕ್ಕೆಗಳನ್ನು ತಿರುಗಿಸುವ ಮೋಟಾರ್, ಗೇರ್‌ಬಾಕ್ಸ್ ಇಳಿಸಿ ಕ್ರ್ಯಾಂಕಿನ ಹಿಂದಿನ ಸೀಲು. ಮೊತ್ತ ಗಾಡಿ ಕೊಂಡ ಬೆಲೆಯ ಮೂರನೇ ಎರಡು ಭಾಗದಷ್ಟು. ಇದರಲ್ಲಿ ಮೋಸ ಹುಡುಕಬೇಕಾಗಿಲ್ಲ. ದೊಡ್ಡ ಕೇಂದ್ರಗಳು ಕೆಲಸದ ಗ್ಯಾರಂಟಿ ಕೊಡಬೇಕಾಗುತ್ತದೆ, ಆದ್ದರಿಂದ ಸಂಶಯವಿರುವ ಜೋಡಣೆಯನ್ನು ಇಡಿಯಾಗಿ ಬದಲಿಸುವ ದಾರಿ ಹಿಡಿಯುತ್ತವೆ. ಆದರೆ ಪಟ್ಟಿಯ ಯಾವ ಸಾಲಿಗೂ ಪರೀಕ್ಷೆಯ ಆಧಾರ ಬರೆದಿರಲಿಲ್ಲ. ಯಾವ ಗ್ಯಾರೇಜೇ ಆಗಲಿ, ಕೇಳಬೇಕಾದ ಮೊದಲ ಪ್ರಶ್ನೆ ಇದು: ಈ ಭಾಗ ಕೆಟ್ಟಿದೆ ಎಂದು ಹೇಗೆ ಗೊತ್ತಾಯಿತು?

ಮೊದಲ ಪ್ರಯತ್ನ: ಕಂಪ್ರೆಸರ್ ಮಾತ್ರ

ಜಿಲ್ಲಾ ಕೇಂದ್ರದ ಒಂದು ಗ್ಯಾರೇಜು, ಗಾಡಿ ಏಳಲು ತಡಮಾಡುತ್ತಿದೆ, ಕಂಪ್ರೆಸರ್ ಸುಸ್ತಾಗಿದೆ ಎಂದಿತು. ಅದು ನಿಜವೇ. ಆನ್‌ಲೈನಿನಲ್ಲಿ ಸಿಕ್ಕ, ತಯಾರಕರ ಹೆಸರಿಲ್ಲದ ಅಗ್ಗದ ಕಂಪ್ರೆಸರ್ ತರಿಸಿ ಹಾಕಿದರು. ಗಾಡಿ ಚೆನ್ನಾಗಿ ಎದ್ದಿತು. ಆರು ವಾರದಲ್ಲಿ ಅದೂ ಸುಸ್ತಾಯಿತು, ಜೊತೆಗೆ ಬ್ಯಾಟರಿಯನ್ನೂ ಬರಿದು ಮಾಡಿತು.

ಹೀಗಾಗುವ ಬಗೆ ತಿಳಿದಿದ್ದರೆ ಬಹಳಷ್ಟು ದುಡ್ಡು ಉಳಿಯುತ್ತದೆ. ಏರ್‌ಮ್ಯಾಟಿಕ್ ಕಂಪ್ರೆಸರ್ ಸದಾ ಓಡಲು ಮಾಡಿದ್ದಲ್ಲ. ಎತ್ತರ ಕಡಿಮೆಯಾದಾಗ ಸ್ವಲ್ಪ ಹೊತ್ತು ಓಡಿ ಆರಬೇಕು, ತಣಿಯಬೇಕು. ಒಂದು ಚೀಲ ಸೋರುತ್ತಿದ್ದರೆ ಅದು ಪದೇ ಪದೇ ಓಡುತ್ತದೆ, ಕಾಯುತ್ತದೆ, ಪಿಸ್ಟನ್ ರಿಂಗು ಸವೆಯುತ್ತದೆ. ಒಳಗೆ ಗಾಳಿಯ ತೇವ ಹೀರುವ ಹರಳುಗಳ ಡ್ರೈಯರ್ ಇದೆ. ಮಳೆಗಾಲದ ತೇವದ ಗಾಳಿಯನ್ನು ಮಿತಿಮೀರಿ ಎಳೆದಾಗ ಆ ಹರಳು ತುಂಬಿಹೋಗಿ ನೀರಿನಂಶ ವಾಲ್ವ್ ಬ್ಲಾಕಿಗೆ ಹೋಗುತ್ತದೆ, ಅಲ್ಲಿ ತುಕ್ಕು ಹಿಡಿದು ವಾಲ್ವು ಅಂಟಿಕೊಳ್ಳುತ್ತದೆ. ಇನ್ನೊಂದು ಕಡೆ, ಕಂಪ್ರೆಸರಿಗೆ ವಿದ್ಯುತ್ ಕೊಡುವ ರಿಲೇ ಲೆಕ್ಕಕ್ಕಿಂತ ಹೆಚ್ಚು ಬಾರಿ ಕೂಡಿ ಬಿಟ್ಟು, ಅದರ ಕಾಂಟ್ಯಾಕ್ಟುಗಳು ಕೊನೆಗೆ ಕರಗಿ ಬೆಸೆದುಕೊಳ್ಳುತ್ತವೆ. ಆಗ ಕೀಲಿ ತೆಗೆದರೂ ಕಂಪ್ರೆಸರ್ ನಿಲ್ಲುವುದಿಲ್ಲ. ಈ ಗಾಡಿಯಲ್ಲಿ ಆದದ್ದು ಇದೇ. ಹೊಸ ಕಂಪ್ರೆಸರನ್ನು ಹಳೆಯ ರಿಲೇಗೆ, ಸೋರುವ ಸ್ಟ್ರಟ್ಟಿಗೆ ಜೋಡಿಸಿದ್ದರು.

ಇದೇ ಗ್ಯಾರೇಜಿನಲ್ಲಿ ಎಂಜಿನ್ ದೀಪಕ್ಕೂ ಒಂದು ಉಪಾಯ ಸೂಚಿಸಿದರು: ಮ್ಯಾನಿಫೋಲ್ಡ್ ಮೋಟಾರಿನ ಪ್ಲಗ್ಗಿಗೆ 4.7 ಕಿಲೋಓಂ ರೆಸಿಸ್ಟರ್ ಬೆಸೆದುಬಿಟ್ಟರೆ ಕಂಪ್ಯೂಟರು ಮೋಟಾರ್ ಸರಿಯಿದೆ ಅಂದುಕೊಳ್ಳುತ್ತದೆ. ಈ ಎಂಜಿನ್ನಿನ ಮಟ್ಟಿಗೆ ಇದು ಎಲ್ಲ ಕಡೆ ಪ್ರಚಾರದಲ್ಲಿರುವ ತಂತ್ರ. ದೀಪ ಆರುತ್ತದೆ, ಎಳೆತವೂ ಮರಳುತ್ತದೆ. ಆದರೆ ಕಡಿಮೆ ವೇಗದಲ್ಲಿ ಗಾಳಿಯನ್ನು ಸುಳಿಯಾಗಿಸುವ ರೆಕ್ಕೆಗಳು ಕೆಲಸ ನಿಲ್ಲಿಸುತ್ತವೆ, ಹೊಗೆ ಹೆಚ್ಚುತ್ತದೆ, ಮತ್ತು ಮೋಟಾರಿನ ಮೇಲೆ ಎಣ್ಣೆ ತೊಟ್ಟಿಕ್ಕುತ್ತಿರುವ ಮೂಲ ಕಾರಣ ಹಾಗೆಯೇ ಉಳಿಯುತ್ತದೆ. ಮಾಲೀಕರು ಬೇಡವೆಂದರು. ಈ ಪ್ರಕರಣದ ಒಳ್ಳೆಯ ನಿರ್ಧಾರಗಳಲ್ಲಿ ಇದು ಮೊದಲನೆಯದು.

ಪರೀಕ್ಷೆಗಳು

ಟ್ರಕ್ಕಿನಲ್ಲಿ ಹೇರಿಸಿ ಗಾಡಿಯನ್ನು ಬೆಂಗಳೂರಿಗೆ, ಜರ್ಮನ್ ಗಾಡಿಗಳನ್ನೇ ನೋಡುವ ಒಂದು ಸ್ವತಂತ್ರ ಗ್ಯಾರೇಜಿಗೆ ತಂದರು. ಅಲ್ಲಿಯ ಹಿರಿಯ ಮೆಕ್ಯಾನಿಕ್ ಮೊದಲು ಮಾಡಿದ್ದು ಬ್ಯಾಟರಿ ಪರೀಕ್ಷೆ. ಮುಂದಿನ ಸೀಟಿನ ಕೆಳಗಿರುವ 95 ಎಎಚ್ ಎಜಿಎಂ ಬ್ಯಾಟರಿ ಸತ್ತಿತ್ತು. ಹೊಸದನ್ನು ಹಾಕಿ, ಪೂರ್ತಿ ಚಾರ್ಜ್ ಮಾಡಿ, ಆಮೇಲೆಯೇ ಸ್ಕ್ಯಾನರ್ ಜೋಡಿಸಿದರು. ವೋಲ್ಟೇಜ್ ಕಡಿಮೆಯಿದ್ದಾಗ ಈ ಗಾಡಿಗಳ ಪ್ರತಿಯೊಂದು ಮಾಡ್ಯೂಲೂ ಒಂದೊಂದು ದೋಷ ಬರೆದಿಡುತ್ತದೆ. ಹಳೆಯ ಕೋಡುಗಳನ್ನೆಲ್ಲ ಅಳಿಸಿ 30 ಕಿ.ಮೀ. ಓಡಿಸಿದಾಗ ಎರಡು ಪುಟದ ಪಟ್ಟಿಯಲ್ಲಿ ಉಳಿದದ್ದು ನಾಲ್ಕೇ ಸಾಲು.

ಸಸ್ಪೆನ್ಷನ್ನಿಗೆ ಟೇಪು ಹಿಡಿದರು. ಸಮತಟ್ಟಾದ ನೆಲ, ರಾತ್ರಿ ಒಂಬತ್ತು ಗಂಟೆ. ಪ್ರತಿ ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆದುಕೊಂಡರು. ನೆಲದಿಂದ ಅಳೆದರೆ ಟೈರಿನ ಗಾಳಿ ಲೆಕ್ಕ ತಪ್ಪಿಸುತ್ತದೆ. ಬೆಳಗ್ಗೆ ಆರಕ್ಕೆ, ಬಾಗಿಲು ತೆಗೆಯದೆ ಮತ್ತೆ ಅಳತೆ. ಬಾಗಿಲು ತೆರೆದರೆ ಕಂಟ್ರೋಲ್ ಯೂನಿಟ್ ಎಚ್ಚರಗೊಂಡು ಎತ್ತರ ಸರಿಪಡಿಸಲು ಹೊರಡಬಹುದು. ಮುಂದಿನ ಬಲ 70 ಮಿ.ಮೀ. ಇಳಿದಿತ್ತು, ಮುಂದಿನ ಎಡ 5, ಹಿಂದಿನವೆರಡೂ ಸುಮಾರು 8. ಒಂದೇ ಮೂಲೆ ಹೀಗೆ ಕುಸಿದರೆ ಸಂಶಯ ಆ ಮೂಲೆಯ ಚೀಲ ಅಥವಾ ಅದರ ಪೈಪಿನ ಮೇಲೆ. ಒಂದು ದಿನ ಈ ಮೂಲೆ, ಇನ್ನೊಂದು ದಿನ ಆ ಮೂಲೆ ಎಂದಾಗ, ಅಥವಾ ಎರಡು ಮೂಲೆ ಒಟ್ಟಿಗೆ ಇಳಿದಾಗ ವಾಲ್ವ್ ಬ್ಲಾಕನ್ನು ನೋಡಬೇಕು. ಸೋಪಿನ ನೀರು ಎರಚಿದಾಗ ಬ್ಲಾಕಿನ ಯಾವ ಪೈಪಿನ ಬಾಯಲ್ಲೂ ಗುಳ್ಳೆ ಬರಲಿಲ್ಲ. ಬಲ ಸ್ಟ್ರಟ್ಟಿನ ಮೇಲ್ತುದಿಯಲ್ಲೂ ಬರಲಿಲ್ಲ. ಗಾಡಿಯನ್ನು ಗರಿಷ್ಠ ಎತ್ತರಕ್ಕೆ ಏರಿಸಿ ಚೀಲದ ಮಡಿಕೆ ಬಿಚ್ಚಿಕೊಂಡಾಗ, ಕೆಳಗಿನ ಧೂಳಿನ ರಬ್ಬರಿನ ಅಂಚಿನಿಂದ ಸಣ್ಣ ನೊರೆ ಹೊರಬಂತು. ಸಾಮಾನ್ಯ ಎತ್ತರದಲ್ಲಿ ಇದು ಕಾಣುವುದಿಲ್ಲ, ಬಿರುಕು ಮಡಿಕೆಯೊಳಗೆ ಅಡಗಿರುತ್ತದೆ. ಹೀಗೆ ವಾಲ್ವ್ ಬ್ಲಾಕು ಪಟ್ಟಿಯಿಂದ ಹೋಯಿತು.

ಎಣ್ಣೆ ಸೋರಿಕೆಯ ಪರೀಕ್ಷೆ ಇಡೀ ಪ್ರಕರಣದ ದಿಕ್ಕು ಬದಲಿಸಿತು. ಒಎಂ642 ಎಂಜಿನ್ನಿನಲ್ಲಿ ಆಯಿಲ್ ಕೂಲರ್ ಇರುವುದು ಎರಡು ಸಿಲಿಂಡರ್ ಸಾಲುಗಳ ನಡುವಿನ ತಗ್ಗಿನಲ್ಲಿ, ಟರ್ಬೊ ಮತ್ತು ಮ್ಯಾನಿಫೋಲ್ಡುಗಳ ಅಡಿ. ಅದರ ಎರಡು ಸೀಲು ಗಟ್ಟಿಯಾದಾಗ ಎಣ್ಣೆ ಆ ತಗ್ಗಿನಲ್ಲಿ ತುಂಬಿ, ಹಿಂಬದಿಯಿಂದ ಇಳಿದು, ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗದ ಲೋಹದ ಕವಚವಾದ ಬೆಲ್ ಹೌಸಿಂಗ್ ಮೇಲೆ ಹರಿಯುತ್ತದೆ. ಕೆಳಗಿನಿಂದ ನೋಡಿದವರಿಗೆ ಕ್ರ್ಯಾಂಕಿನ ಹಿಂದಿನ ಸೀಲೇ ಹೋದ ಹಾಗೆ ಕಾಣುತ್ತದೆ. ಹಾಗೆ ನಂಬಿ ಗೇರ್‌ಬಾಕ್ಸ್ ಇಳಿಸಿ, ಹೊಸ ಸೀಲು ಹಾಕಿ, ಏರಿಸಿ, ಮತ್ತೆ ಅದೇ ಸೋರಿಕೆ ನೋಡಿದ ಗ್ಯಾರೇಜುಗಳು ಬೇಕಾದಷ್ಟಿವೆ.

"ಸಾರ್, ಗೇರ್‌ಬಾಕ್ಸ್ ಮುಟ್ಟೋದು ಬೇಡ. ಮೊದ್ಲು ಡೈ ಹಾಕಿ ನೋಡೋಣ. ಎಣ್ಣೆ ಮೇಲಿಂದ ಬರ್ತಿದ್ಯೋ ಕೆಳಗಿಂದ ಬರ್ತಿದ್ಯೋ ಅದೇ ಹೇಳತ್ತೆ" ಎಂದರು ಮೆಕ್ಯಾನಿಕ್.

ತಳವನ್ನೆಲ್ಲ ಡಿಗ್ರೀಸರಿನಿಂದ ತೊಳೆದು ಒಣಗಿಸಿ, ಎಂಜಿನ್ ಆಯಿಲಿಗೆ ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಬಣ್ಣ (ಯುವಿ ಡೈ) ಸುರಿದು, 150 ಕಿ.ಮೀ. ಓಡಿಸಿದರು. ಲಿಫ್ಟಿನ ಕೆಳಗೆ ದೀಪ ಆರಿಸಿ ಯುವಿ ಟಾರ್ಚು ಹಿಡಿದಾಗ ಬೆಲ್ ಹೌಸಿಂಗಿನ ಮೇಲ್ಭಾಗದಿಂದ ಹಸಿರು ಹಳದಿ ಗೆರೆಯೊಂದು ಇಳಿದು ಬಂದಿತ್ತು. ಕ್ರ್ಯಾಂಕ್ ಸೀಲು ಸೋರಿದ್ದರೆ ಎಣ್ಣೆ ಮೊದಲು ಕಾಣಿಸಬೇಕಾದ ಕೆಳಗಿನ ಕಿಂಡಿ ಒಣಗಿತ್ತು. ಮೇಲಿನಿಂದ ಗಾಳಿಯ ಪೈಪು ತೆಗೆದು, ತುದಿಯಲ್ಲಿ ಕ್ಯಾಮೆರಾ ಇರುವ ಬೋರೋಸ್ಕೋಪ್ ಇಳಿಸಿದರು. ತಗ್ಗಿನಲ್ಲಿ ಡೈ ಬೆರೆತ ಎಣ್ಣೆ ನಿಂತು ಹೊಳೆಯುತ್ತಿತ್ತು. ಟರ್ಬೊ ಬಾಯಿಯ ಸುತ್ತಲೂ ಒದ್ದೆ. ಅದರ ನೇರ ಕೆಳಗೆ ಇಂಟೇಕಿನ ಸುಳಿ ರೆಕ್ಕೆಗಳ ಮೋಟಾರು ಎಣ್ಣೆಯಲ್ಲಿ ತೊಯ್ದಿತ್ತು.

ಎಂಜಿನ್ ದೀಪದ ಕಾರಣವೂ ಅಲ್ಲೇ ಸಿಕ್ಕಿತು. ಎಂಜಿನ್ನಿನ ತಳಭಾಗದ (ಕ್ರ್ಯಾಂಕ್‌ಕೇಸಿನ) ಆವಿ ಬ್ರೀದರ್ ಎಂಬ ಉಸಿರುದಾರಿಯ ಮೂಲಕ ಟರ್ಬೊ ಬಾಯಿಗೆ ಹೋಗುತ್ತದೆ, ಅದರಲ್ಲಿ ಎಣ್ಣೆಯ ಮಂಜು ಇರುತ್ತದೆ. ಬಾಯಿಯ ರಬ್ಬರ್ ಸೀಲು ಕುಗ್ಗಿದಾಗ ಎಣ್ಣೆ ತೊಟ್ಟು ತೊಟ್ಟಾಗಿ ಮೋಟಾರಿನ ಮೇಲೆ ಬೀಳುತ್ತದೆ, ಮೋಟಾರ್ ಒಳಗೆ ಶಾರ್ಟ್ ಆಗುತ್ತದೆ, ಫ್ಯೂಸು ಹೋಗುತ್ತದೆ. ಅದೇ ಫ್ಯೂಸನ್ನು ಬೇರೆ ಭಾಗಗಳೂ ಹಂಚಿಕೊಂಡಿರುವುದರಿಂದ ಸಂಬಂಧವೇ ಇಲ್ಲದ ಕೋಡುಗಳೂ ಬರುತ್ತವೆ, ಎಂಜಿನ್ ತನ್ನ ಶಕ್ತಿ ತಾನೇ ತಗ್ಗಿಸಿಕೊಂಡು ಕುಂಟುವ ಲಿಂಪ್ ಮೋಡಿಗೆ ಹೋಗುತ್ತದೆ. ಕೆಲವು ನೂರು ರೂಪಾಯಿಯ ಸೀಲು, ಅದರಿಂದ ಹಾಳಾಗುವ ದುಬಾರಿ ಮೋಟಾರು, ಅದನ್ನು ನೋಡಿ ಬರೆಯುವ ಇನ್ನೂ ದುಬಾರಿ ಮ್ಯಾನಿಫೋಲ್ಡು.

ಮ್ಯಾನಿಫೋಲ್ಡ್ ಬದಲಿಸಬೇಕೇ ಎಂಬುದನ್ನು ಕೈಯಲ್ಲೇ ಪರೀಕ್ಷಿಸಬಹುದು. ಮೋಟಾರಿನ ಕಡ್ಡಿಯನ್ನು ಬಿಡಿಸಿ ರೆಕ್ಕೆಗಳ ಲಿವರನ್ನು ಬೆರಳಿನಿಂದ ತಿರುಗಿಸಬೇಕು. ನಯವಾಗಿ ಹೋಗಿ ಬಂದರೆ ಕೆಟ್ಟದ್ದು ಮೋಟಾರು ಮಾತ್ರ. ಜಡವಾಗಿದ್ದರೆ ಒಳಗೆ ಮಸಿ ಕಟ್ಟಿದೆ, ತೊಳೆದು ನೋಡಬಹುದು. ಲಿವರು ಅಲುಗಾಡುತ್ತಿದ್ದರೆ ಅಥವಾ ಮುರಿದಿದ್ದರೆ ಮಾತ್ರ ಮ್ಯಾನಿಫೋಲ್ಡಿನ ಮಾತು. ಇಲ್ಲಿ ಎಡ ಸಾಲು ನಯವಾಗಿತ್ತು, ಬಲ ಸಾಲು ಜಡವಾಗಿತ್ತು.

ಕೆಲಸ ಹೇಗೆ ನಡೆಯಿತು

ಕೂಲರ್ ಸೀಲಿನ ಕೆಲಸದಲ್ಲಿ ಸೀಲಿನ ಬೆಲೆ ಲೆಕ್ಕಕ್ಕೇ ಬರುವುದಿಲ್ಲ. ಕೂಲಿಯೇ ಎಲ್ಲ. ಕೂಲೆಂಟ್ ಬಸಿದು, ಗಾಳಿಯ ಪೈಪು, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ಪೈಪು, ಟರ್ಬೊ, ಮ್ಯಾನಿಫೋಲ್ಡು ಎಲ್ಲ ತೆಗೆದ ಮೇಲೆ ಕೂಲರ್ ಕಾಣುತ್ತದೆ. ಪರಿಣತರ ಕೈಗೂ ಮೂರು ಕೆಲಸದ ದಿನ ಬೇಕು. ಮ್ಯಾನಿಫೋಲ್ಡ್ ತೆಗೆದ ಕೂಡಲೇ ಆರು ಸಿಲಿಂಡರಿನ ಗಾಳಿದ್ವಾರಗಳಿಗೆ ನಾರು ಬಿಡದ ಬಟ್ಟೆ ತುರುಕಿ ಮೇಲೆ ಟೇಪು ಹಾಕಬೇಕು. ಒಂದು ವಾಷರು ಒಳಗೆ ಬಿದ್ದರೆ ಎಂಜಿನ್ನೇ ಬಿಚ್ಚಬೇಕಾದೀತು. ಈ ಹಂತದ ಫೋಟೋ ಕಳಿಸಿ ಎಂದು ಮಾಲೀಕರು ಮೊದಲೇ ಕೇಳಿಟ್ಟಿದ್ದರು. ಕೇಳುವುದರಲ್ಲಿ ಸಂಕೋಚ ಬೇಡ, ಒಳ್ಳೆಯ ಗ್ಯಾರೇಜು ಸಂತೋಷದಿಂದಲೇ ಕಳಿಸುತ್ತದೆ.

ಹೊರಬಂದ ಹಳೆಯ ಸೀಲುಗಳು ಕಿತ್ತಳೆ ಬಣ್ಣದವು. ಉಬ್ಬಿರಬೇಕಾದ ಅಂಚು ಚಪ್ಪಟೆಯಾಗಿ ಲೋಹಕ್ಕೆ ಸಮನಾಗಿತ್ತು, ಬಗ್ಗಿಸಿದರೆ ಬಳೆ ಚೂರಿನಂತೆ ಪಟ್ಟನೆ ಮುರಿಯಿತು. ಕಂಪನಿ ನಂತರ ತಂದ ನೇರಳೆ ಬಣ್ಣದ ವೈಟಾನ್ ಸೀಲುಗಳು ಬಿಸಿ ಎಣ್ಣೆಗೆ ಹೆಚ್ಚು ತಾಳುತ್ತವೆ. ಹಾಕಿಸುವಾಗ ಬಣ್ಣ ನೋಡಿ ಹಾಕಿಸಬೇಕು, ಕಿತ್ತಳೆ ಸೀಲು ಈಗಲೂ ಕೆಲವು ಅಗ್ಗದ ಕಿಟ್ಟುಗಳಲ್ಲಿ ಬರುತ್ತದೆ. ತಗ್ಗಿನಲ್ಲಿ ವರ್ಷಗಟ್ಟಲೆ ನಿಂತ ಕೆಸರೆಣ್ಣೆಯನ್ನು ಪೂರ್ತಿ ಬಳಿದು ತೆಗೆದರು. ಉಳಿಸಿದ್ದರೆ ಅದು ಬಿಸಿಗೆ ತೆಳುವಾಗಿ ಹರಿದು ಹೊಸ ಸೀಲೇ ಸೋರಿತು ಎಂಬ ಗೊಂದಲ ಹುಟ್ಟಿಸುತ್ತಿತ್ತು.

ಅಷ್ಟು ಬಿಚ್ಚಿದ ಮೇಲೆ ಜೊತೆಗೇ ಏನೇನು ಬದಲಿಸಬೇಕು ಎಂಬುದು ಎರಡನೇ ದೊಡ್ಡ ನಿರ್ಧಾರ. ಟರ್ಬೊ ಬಾಯಿಯ ಸೀಲು, ಟರ್ಬೊದಿಂದ ಎಣ್ಣೆ ಇಳಿಯುವ ದಾರಿಯ ಸೀಲು, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟು, ಬ್ರೀದರ್, ಕೂಲೆಂಟ್ ಹೇಗಿದ್ದರೂ ಬಸಿದದ್ದರಿಂದ ಥರ್ಮೋಸ್ಟಾಟು: ಇವನ್ನು ಹಾಕಿದರು. ಬಲ ಮ್ಯಾನಿಫೋಲ್ಡನ್ನು ಮಸಿ ಕರಗಿಸುವ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿ ತೊಳೆದಾಗ ಲಿವರು ಬಿಡಿಸಿಕೊಂಡಿತು. ಹೊಸ ಮೋಟಾರು ಹಾಕಿ ಹಳೆಯ ಮ್ಯಾನಿಫೋಲ್ಡುಗಳನ್ನೇ ಕೂರಿಸಿದರು. ಗ್ಲೋ ಪ್ಲಗ್ಗುಗಳನ್ನು ಮುಟ್ಟಲಿಲ್ಲ. ಮೀಟರಿನಲ್ಲಿ ಆರೂ ಸರಿಯಿದ್ದವು, ಈ ಎಂಜಿನ್ನಿನಲ್ಲಿ ಹಳೆಯ ಪ್ಲಗ್ಗು ಹೆಡ್ಡಿನೊಳಗೆ ಕಚ್ಚಿಕೊಂಡು ತೆಗೆಯುವಾಗ ಮುರಿಯುವುದು ಸಾಮಾನ್ಯ. ಮುರಿದರೆ ಕೊರೆದು ತೆಗೆಯುವ ಖರ್ಚು ಪ್ಲಗ್ಗಿನ ಹತ್ತಾರು ಪಟ್ಟು. ಕೆಟ್ಟಾಗ, ಎಂಜಿನ್ ಬಿಸಿಯಿರುವಾಗ, ನಿಧಾನವಾಗಿ ತೆಗೆದರೆ ಸಾಕು.

ತುಂಬಿಸಿದ್ದು ಮರ್ಸಿಡಿಸ್ ಕಂಪನಿಯ 229.51 ಮಾನದಂಡದ ಎಂಜಿನ್ ಎಣ್ಣೆ, ಸುಮಾರು ಎಂಟೂವರೆ ಲೀಟರ್. ಡಬ್ಬಿಯ ಹಿಂದೆ ಆ ಸಂಖ್ಯೆ ಇರಬೇಕು, ದಪ್ಪ ತೆಳುವಿನ ಅಂಕಿ ಮಾತ್ರ ಹೊಂದಿದರೆ ಸಾಲದು.

ಸ್ಟ್ರಟ್ ಒಂದೋ ಎರಡೋ ಎಂಬ ಚರ್ಚೆ ನಡೆಯಿತು. ಎಡದ್ದು ರಾತ್ರಿಗೆ 5 ಮಿ.ಮೀ. ಮಾತ್ರ ಇಳಿಯುತ್ತಿತ್ತು. ಧೂಳಿನ ರಬ್ಬರು ಸರಿಸಿ ನೋಡಿದಾಗ ಅದರ ಮಡಿಕೆಯಲ್ಲೂ ಕೂದಲೆಳೆಯ ಬಿರುಕುಗಳಿದ್ದವು. ವಯಸ್ಸು ಒಂದೇ, ಶಾಕ್ ಅಬ್ಸಾರ್ಬರ್ ಅದರೊಳಗೇ ಇದೆ, ಒಂದು ಕಡೆ ಹೊಸದು ಒಂದು ಕಡೆ ಹಳತು ಆದರೆ ಬ್ರೇಕ್ ಹಾಕುವಾಗ ಗಾಡಿ ಸಮ ನಿಲ್ಲುವುದಿಲ್ಲ. ಆದ್ದರಿಂದ ಜೋಡಿಯನ್ನೇ ಬದಲಿಸಿದರು. ಕಂಪನಿಯ ಡಬ್ಬಿಯ ಬದಲು ಹೆಸರಿರುವ ತಯಾರಕರ, ಎರಡು ವರ್ಷ ಗ್ಯಾರಂಟಿಯ ಸ್ಟ್ರಟ್ಟುಗಳನ್ನು ಆರಿಸಿದರು. ಕಂಪ್ರೆಸರ್ ವಿಷಯದಲ್ಲಿ ಮಾತ್ರ ಮೂಲ ಪೂರೈಕೆದಾರರದ್ದೇ ಬೇಕೆಂದು ಮೆಕ್ಯಾನಿಕ್ ಹಟ ಹಿಡಿದರು. ಜೊತೆಗೆ ಹೊಸ ರಿಲೇ.

ಸ್ಟ್ರಟ್ ಹಾಕುವಾಗ ಹೊಸದು ಹಾಳಾಗುವ ಎರಡು ಕ್ಷಣಗಳಿವೆ. ಪೈಪಿನ ತುದಿಯನ್ನು ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿದರೆ ಬಾಯಿ ಅಂಡಾಕಾರವಾಗಿ ಮೊದಲ ದಿನವೇ ಸೋರುತ್ತದೆ. ಹರಿತ ಬ್ಲೇಡಿನಲ್ಲಿ ನೇರ ಕತ್ತರಿಸಿ, ಹೊಸ ಹಿತ್ತಾಳೆ ಫಿಟ್ಟಿಂಗಿನಲ್ಲಿ ಕೂರಿಸಿ, ಹದವಾಗಿ ಬಿಗಿಯಬೇಕು. ಎರಡನೆಯದು ಇನ್ನೂ ಮುಖ್ಯ. ಖಾಲಿ ಚೀಲದ ಮೇಲೆ ಎರಡೂವರೆ ಟನ್ ಹತ್ತಿರದ ಗಾಡಿಯ ಭಾರ ಬಿದ್ದರೆ ಚೀಲ ತಪ್ಪಾಗಿ ಮಡಿಚಿ ಹರಿಯುತ್ತದೆ. ಚಕ್ರಗಳು ಗಾಳಿಯಲ್ಲಿ ತೂಗುತ್ತಿರುವಾಗಲೇ ಸ್ಕ್ಯಾನರಿನ ಆಜ್ಞೆಯಿಂದ ಗಾಳಿ ತುಂಬಿಸಿ ಆಮೇಲೆ ನೆಲಕ್ಕಿಳಿಸಬೇಕು. ಕೆಳಗಿನ ಆರ್ಮಿನ ಬೋಲ್ಟನ್ನು ಕೊನೆಯ ಬಿಗಿ ಮಾಡುವುದು ಗಾಡಿ ತನ್ನ ಸಹಜ ಎತ್ತರದಲ್ಲಿ ನಿಂತ ಮೇಲೆ, ಇಲ್ಲವಾದರೆ ಬುಷ್ಷು ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಕೊನೆಗೆ ಎತ್ತರದ ಕ್ಯಾಲಿಬ್ರೇಷನ್, ವೀಲ್ ಅಲೈನ್‌ಮೆಂಟ್. ಮನೆಯಲ್ಲಿ ಚಕ್ರ ಬದಲಿಸುವವರೂ ಗಮನಿಸಬೇಕು: ಗಾಳಿಯ ಮೇಲೆ ನಿಂತ ಗಾಡಿಯ ಕೆಳಗೆ ಜ್ಯಾಕ್ ಸ್ಟ್ಯಾಂಡ್ ಇಲ್ಲದೆ ತಲೆ ಹಾಕಬಾರದು, ಅದು ಯಾವ ಸದ್ದೂ ಮಾಡದೆ ಕುಸಿಯಬಲ್ಲದು.

ಗೇರ್‌ಬಾಕ್ಸಿನಲ್ಲಿ ದೋಷವಿರಲಿಲ್ಲ, ಎಣ್ಣೆ ಹಳತಾಗಿತ್ತು. ಪ್ಯಾನ್ ಇಳಿಸಿ, ಫಿಲ್ಟರ್ ಬದಲಿಸಿ, 45 ಡಿಗ್ರಿ ತಾಪಮಾನದಲ್ಲಿ ಮಟ್ಟ ಹೊಂದಿಸಿದರು. ಪ್ಯಾನಿನಿಂದ ಬರುವುದು ಒಟ್ಟು ಎಣ್ಣೆಯ ಅರ್ಧದಷ್ಟೇ, ಉಳಿದದ್ದು ಕನ್ವರ್ಟರಿನಲ್ಲಿ ನಿಲ್ಲುತ್ತದೆ. ಹಾಗಾಗಿ 1,000 ಕಿ.ಮೀ. ನಂತರ ಮತ್ತೊಮ್ಮೆ ಬದಲಿಸಿದರು. 722.9ರಲ್ಲಿ ಗಾಡಿಯ ತಯಾರಿಕೆಯ ಕಾಲಕ್ಕೆ ತಕ್ಕಂತೆ ಕೆಂಪು 236.14 ಇಲ್ಲವೇ ನೀಲಿ 236.15 ಎಣ್ಣೆ ಬರುತ್ತದೆ. ಯಾವುದು ಎಂಬುದನ್ನು ಚಾಸಿ ನಂಬರಿನಿಂದ ಖಚಿತಪಡಿಸಿಕೊಳ್ಳದೆ ಸುರಿಯಬಾರದು.

ನೀರು

ಮುಗ್ಗಲು ವಾಸನೆಯ ಕೆಲಸಕ್ಕೆ ಬಿಡಿಭಾಗವೇ ಬೇಕಾಗಲಿಲ್ಲ. ಆದರೆ ಬಿಟ್ಟಿದ್ದರೆ ಎಲ್ಲಕ್ಕಿಂತ ದುಬಾರಿಯಾಗುತ್ತಿತ್ತು. ಕಾಫಿ ತೋಟದ ನೆರಳಿಗೆ ಸಿಲ್ವರ್ ಓಕ್ ಇರುತ್ತದೆ. ಅದರ ಎಲೆ ವೈಪರ್ ಕೆಳಗಿನ ಜಾಲರಿಯಲ್ಲೂ ಸನ್‌ರೂಫ್ ಅಂಚಿನ ಕಾಲುವೆಯಲ್ಲೂ ಕೂತು ಕೊಳೆತು ನೀರಿನ ದಾರಿ ಮುಚ್ಚಿತ್ತು. ಬೆಂಗಳೂರಿನ ಮಳೆಮರದ ಕೆಳಗೆ ನಿಲ್ಲುವ ಗಾಡಿಗಳಿಗೂ ಇದೇ ಗತಿ. ಸನ್‌ರೂಫ್ ಕಾಲುವೆಯ ಮೂಲೆಗೆ ಒಂದು ಲೋಟ ನೀರು ಹೊಯ್ದರೆ ಕೆಲವೇ ಕ್ಷಣದಲ್ಲಿ ಗಾಡಿಯ ಕೆಳಗೆ ಸುರಿಯಬೇಕು. ಇಲ್ಲಿ ಮುಂದಿನ ಬಲಮೂಲೆಯಲ್ಲಿ ನಿಂತೇ ಇತ್ತು.

ಗ್ಯಾರೇಜಿನ ಕಂಪ್ರೆಸರಿನಿಂದ ಗಾಳಿ ಹೊಡೆದು ಕಸ ತೆಗೆಯುವ ಅಭ್ಯಾಸ ಹಲವು ಕಡೆ ಇದೆ, ಅದು ಬೇಡ. ಒತ್ತಡಕ್ಕೆ ಪೈಪು ಕಂಬದೊಳಗೆ ತನ್ನ ಬಾಯಿಂದ ಕಳಚಿಕೊಂಡರೆ ಮುಂದಿನ ಮಳೆ ನೇರ ಡ್ಯಾಶ್‌ಬೋರ್ಡಿನ ಹಿಂದೆ ಇಳಿಯುತ್ತದೆ. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವನ್ನು ಮೇಲಿನಿಂದ ನಿಧಾನವಾಗಿ ತೂರಿಸಿ ಕಸ ಬಿಡಿಸಿದರು. ಚಾಲಕನ ಸೀಟು ಬಿಚ್ಚಿ ಕಾರ್ಪೆಟ್ ಎತ್ತಿದಾಗ ಕೆಳಗಿನ ದಪ್ಪ ಫೋಮು ನೀರು ಕುಡಿದು ಕೂತಿತ್ತು. ಮೇಲ್ಭಾಗ ಒಣಗಿದಂತೆ ಕಂಡರೂ ಒಳಗೆ ವಾರಗಟ್ಟಲೆ ನಿಲ್ಲುತ್ತದೆ, ಅಷ್ಟರಲ್ಲಿ ವೈರಿನ ಪಿನ್ನುಗಳು ಹಸಿರು ಬಿಡುತ್ತವೆ. ಎರಡು ಕನೆಕ್ಟರಿನ ಪಿನ್ನು ಶುಚಿಗೊಳಿಸಿದರು. ಫ್ಯೂಸು, ರಿಲೇಗಳಿರುವ, ಡಿಕ್ಕಿಯ ಪಕ್ಕದ ಎಸ್‌ಎಎಂ ಮಾಡ್ಯೂಲನ್ನೂ ತೆರೆದು ನೋಡಿದರು, ಹಿಂದಿನ ದೀಪದ ಸೀಲಿನಿಂದ ಅಲ್ಲಿಗೂ ನೀರು ಹೋಗುವುದುಂಟು. ಅದು ಒಣಗಿತ್ತು.

ಫಲಿತಾಂಶ

ಎಲ್ಲ ಸೇರಿ ಖರ್ಚು ಕೊಂಡ ಬೆಲೆಯ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ ಬಂತು, ಮೊದಲ ಅಂದಾಜಿನ ಅರ್ಧದ ಆಸುಪಾಸು. ಇದು ಸಣ್ಣ ಮೊತ್ತವಲ್ಲ. ಇಂಥ ಗಾಡಿ ಕೊಳ್ಳುವವರು ಬೆಲೆಯ ಮೂರನೇ ಒಂದು ಪಾಲನ್ನು ಮೊದಲ ವರ್ಷಕ್ಕೆಂದು ಬದಿಗಿಡಲಾರದಿದ್ದರೆ ಕೊಳ್ಳದಿರುವುದೇ ಒಳ್ಳೆಯದು. ಉಳಿತಾಯ ಬಂದದ್ದು ಅಗ್ಗದ ಭಾಗಗಳಿಂದಲ್ಲ. ಗೇರ್‌ಬಾಕ್ಸ್ ಇಳಿಸದ್ದರಿಂದ, ಎರಡು ಮ್ಯಾನಿಫೋಲ್ಡು, ಒಂದು ವಾಲ್ವ್ ಬ್ಲಾಕು ಉಳಿದದ್ದರಿಂದ. ಅಗ್ಗಕ್ಕೆ ಹೋದ ಒಂದೇ ಕಡೆ, ಹೆಸರಿಲ್ಲದ ಆ ಕಂಪ್ರೆಸರಿನಲ್ಲಿ, ದುಡ್ಡು ನೀರಾಯಿತು, ಬ್ಯಾಟರಿಯೂ ಹೋಯಿತು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಗುಜರಿಯಲ್ಲೋ ಹಳೆಯ ಭಾಗ ಹುಡುಕುವವರಿಗೆ ಈ ಪ್ರಕರಣದಿಂದ ಒಂದು ಗಡಿ ಸಿಗುತ್ತದೆ. ದೀಪದ ಗಾಜು, ಬಾಗಿಲಿನ ಪ್ಯಾನೆಲ್ಲು, ಸೀಟು, ಅಲಾಯ್ ವೀಲು ಹಳೆಯವು ತಂದರೆ ನಷ್ಟವಿಲ್ಲ. ಗಾಳಿಚೀಲ, ಸೀಲು, ಪೈಪು ಹಳೆಯವು ತರುವುದೆಂದರೆ ಅದೇ ಮುಪ್ಪನ್ನು ಮತ್ತೆ ಕೊಂಡ ಹಾಗೆ. ಗೇರ್‌ಬಾಕ್ಸಿನ ಕಂಟ್ರೋಲ್ ಯೂನಿಟ್ಟಿನಂಥ ಕಳ್ಳತನ ತಡೆಗೆ ಕಟ್ಟಿಹಾಕಿದ ಮಾಡ್ಯೂಲುಗಳು ಬೇರೆ ಗಾಡಿಯಿಂದ ತಂದರೆ ಸುಮ್ಮನೆ ಜೋಡಿಸಿದ ಮಾತ್ರಕ್ಕೆ ಓಡುವುದಿಲ್ಲ. ಕೋಡಿಂಗ್ ಯಾರು ಮಾಡಿಕೊಡುತ್ತಾರೆ ಎಂಬುದು ಗೊತ್ತಾದ ಮೇಲೆಯೇ ದುಡ್ಡು ಕೊಡಬೇಕು.

ರಿಪೇರಿಯಾದ ಒಂದೂವರೆ ವರ್ಷದ ಮೇಲೂ ಬೆಲ್ ಹೌಸಿಂಗ್ ಒಣಗಿದೆ, ಎಂಜಿನ್ ದೀಪ ಮತ್ತೆ ಬಂದಿಲ್ಲ. ಎಣ್ಣೆಯನ್ನು 8,000 ಕಿ.ಮೀ.ಗೆ ಇಲ್ಲವೇ ವರ್ಷಕ್ಕೊಮ್ಮೆ ಬದಲಿಸುತ್ತಾರೆ. ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ನೈಲಾನ್ ದಾರದ ಕೆಲಸ ತೋಟದಲ್ಲೇ ನಡೆಯುತ್ತದೆ. ಕೈಪೆಟ್ಟಿಗೆಯಲ್ಲಿ ಒಂದು ಹೊಸ ರಿಲೇ ಇದೆ.

ಉಳಿದಿರುವುದು ಹಿಂದಿನ ಗಾಳಿಚೀಲಗಳು. ಮೊದಲ ಅಳತೆಯಲ್ಲಿ ರಾತ್ರಿಗೆ 8 ಮಿ.ಮೀ. ಇಳಿದಿದ್ದವು. ತಿಂಗಳಿಗೊಮ್ಮೆ ಟೇಪು ಹಿಡಿದು ಬರೆದಿಡುವ ಪುಸ್ತಕದಲ್ಲಿ ಎಡದ್ದು ಈಗ 15ಕ್ಕೆ ಬಂದಿದೆ, ಬಲದ್ದು 9ರಲ್ಲಿದೆ. 25 ದಾಟಿದರೆ ಕಂಪ್ರೆಸರ್ ದಿನವೂ ಹೆಚ್ಚು ಓಡಬೇಕಾಗುತ್ತದೆ ಎಂಬ ಲೆಕ್ಕದಿಂದ ಅದನ್ನೇ ಗಡಿಯಾಗಿಟ್ಟುಕೊಂಡಿದ್ದಾರೆ. ಹಿಂದೆ ಶಾಕ್ ಬೇರೆಯಿರುವುದರಿಂದ ಚೀಲ ಮಾತ್ರ ಬದಲಿಸಿದರೆ ಸಾಕು, ಮುಂದಿನ ಸ್ಟ್ರಟ್ಟಿನ ಒಂದು ಪಾಲಿನ ಖರ್ಚಿನಲ್ಲಿ ಮುಗಿಯುತ್ತದೆ. ಈ ಬೇಸಿಗೆಯ ಅಳತೆ ನೋಡಿ, ಜೋಡಿಯನ್ನು ಮಳೆಗೆ ಮೊದಲೇ ತರಿಸುವುದೆಂದು ಮೆಕ್ಯಾನಿಕ್ ಜೊತೆ ಮಾತಾಗಿದೆ.